ವೋಗ್ ಇಂಡಿಯಾ ಇತಿಹಾಸ: ಕವರ್ ಮೇಲಿನ ನಟಿಯರನ್ನು ಬಿಟ್ಟು ಬೇರೆ ಏನಾದರೂ ಮಾತಾಡೋಣವಾ?

ಗಡಿಗಿ ಸರ್ಕಲ್ ಓದುಗ, ಬಳ್ಳಾರಿ

ನಮ್ಮ ಅಕ್ಕನ ಮಗಳು ಫ್ಯಾಷನ್ ಡಿಸೈನ್ ಓದುತ್ತಿದ್ದಾಳೆ. ಹೊರದೇಶದ ಫ್ಯಾಷನ್ ಪತ್ರಿಕೆಯೊಂದು ಭಾರತಕ್ಕೆ ಹೇಗೆ ಬಂತು ಅಂತ ಪ್ರಾಜೆಕ್ಟ್ ಬರೆಯಬೇಕು. ವೋಗ್ ಇಂಡಿಯಾ ಆರಿಸಿಕೊಂಡಿದ್ದಾಳೆ. ಬರೆದದ್ದನ್ನು ನನಗೆ ಕಳಿಸಿದಳು. ಮೊದಲ ಪುಟದಿಂದ ಕೊನೆಯವರೆಗೂ ಯಾವ ವರ್ಷ ಯಾವ ನಟಿ ಕವರ್ ಮೇಲೆ ಬಂದಳು, ಯಾವ ಫೋಟೋಗೆ ಜನ ಬೈದರು, ಅಷ್ಟೇ. ಪತ್ರಿಕೆಯ ಮಾಲೀಕರು ಯಾರು, ಅದು 2007ರಲ್ಲೇ ಯಾಕೆ ಬಂತು, ಹತ್ತು ವರ್ಷ ಮೊದಲೇ ಯಾಕೆ ಬರಲಿಲ್ಲ, ಇದೊಂದೂ ಇಲ್ಲ. ನನ್ನ ಪ್ರಕಾರ ಇತಿಹಾಸ ಇರೋದೇ ಅಲ್ಲಿ.

ನನಗೆ ಗೊತ್ತಿರೋದನ್ನು ಹಾಕುತ್ತೇನೆ, ನೀವೂ ಸೇರಿಸಿ.

ವೋಗ್ ಹುಟ್ಟಿದ್ದು 1892ರಲ್ಲಿ, ನ್ಯೂಯಾರ್ಕ್‌ನಲ್ಲಿ. ಶುರು ಮಾಡಿದವರು ಆರ್ಥರ್ ಟರ್ನ್ಯೂರ್. ಆಗ ಅದು ವಾರಪತ್ರಿಕೆ, ಊರಿನ ದೊಡ್ಡ ಮನೆತನದವರ ಪಾರ್ಟಿ, ಉಡುಗೆ, ಶಿಷ್ಟಾಚಾರ ಇಂಥದ್ದೇ ವಿಷಯ. 1909ರಲ್ಲಿ ಕಾಂಡೆ ನಾಸ್ಟ್ ಅನ್ನೋರು ಅದನ್ನು ಕೊಂಡರು. ಇವತ್ತಿಗೂ ಕಂಪನಿಗೆ ಅವರದೇ ಹೆಸರು. ಬ್ರಿಟನ್ ಆವೃತ್ತಿ 1916ರಲ್ಲಿ ಬಂತು. ಮೊದಲ ಮಹಾಯುದ್ಧದಿಂದ ಅಮೆರಿಕದ ಪ್ರತಿಗಳು ಹಡಗಿನಲ್ಲಿ ಬರೋದು ಕಷ್ಟವಾಯ್ತು, ಹಾಗಾಗಿ ಅಲ್ಲೇ ಮುದ್ರಿಸಿದರು. 1920ರಲ್ಲಿ ಫ್ರಾನ್ಸ್. ನಮ್ಮಲ್ಲಿಗೆ ಬಂದಿದ್ದು ಅದಾಗಿ 87 ವರ್ಷಕ್ಕೆ!

ಭಾರತದ ಮೊದಲ ಸಂಚಿಕೆ 2007ರ ಅಕ್ಟೋಬರ್‌ದು. ಸೆಪ್ಟೆಂಬರ್‌ನಲ್ಲೇ ಅಂಗಡಿಗೆ ಬಂತು. ಬೆಲೆ 100 ರೂಪಾಯಿ, ಹಾಕಿದ್ದು 50,000 ಪ್ರತಿ. ಸಂಪಾದಕಿ ಪ್ರಿಯಾ ತನ್ನಾ. ಮಡಚಿದ ಉದ್ದ ಕವರ್ ಮೇಲೆ ಪ್ರಿಯಾಂಕಾ ಚೋಪ್ರಾ, ಬಿಪಾಶಾ ಬಸು, ಪ್ರೀತಿ ಜಿಂಟಾ, ಜೊತೆಗೆ ಮಾಡೆಲ್‌ಗಳಾದ ಲಕ್ಷ್ಮಿ ಮೆನನ್, ಮೊನಿಕಂಗನಾ ದತ್ತಾ, ಆಸ್ಟ್ರೇಲಿಯಾದ ಜೆಮ್ಮಾ ವಾರ್ಡ್. ಫೋಟೋ ತೆಗೆದವರು ಪ್ಯಾಟ್ರಿಕ್ ಡಿಮಾರ್ಶೆಲಿಯೆ.

ಈಗ ಹೇಳಿ, ಯಾಕೆ ಇಷ್ಟು ತಡ?

ಕೃಷ್ಣಾ ದಂಡೆ, ರಾಯಚೂರು

ತಡ ಆಗಿದ್ದು ಫ್ಯಾಷನ್ನಿಂದ ಅಲ್ಲ ಸರ್, ಕಾನೂನಿನಿಂದ. 1955ರಲ್ಲಿ ನೆಹರೂ ಸಂಪುಟ ಒಂದು ನಿರ್ಣಯ ಮಾಡಿತು. ವಿದೇಶಿಯರ ಒಡೆತನದ ಪತ್ರಿಕೆ ಇಲ್ಲಿ ಹೊಸದಾಗಿ ಶುರು ಮಾಡೋ ಹಾಗಿಲ್ಲ ಅಂತ. ಭಯ ಇದ್ದದ್ದು ಸುದ್ದಿ ಪತ್ರಿಕೆಗಳ ಬಗ್ಗೆ, ಹೊರಗಿನವರು ನಮ್ಮ ಜನಾಭಿಪ್ರಾಯ ತಿದ್ದಿಬಿಡುತ್ತಾರೆ ಅಂತ. ಆದರೆ ಬಾಗಿಲು ಹಾಕಿದ ಮೇಲೆ ಲಿಪ್‌ಸ್ಟಿಕ್ ಪತ್ರಿಕೆಗೂ ಹಾಕಿದ ಹಾಗೇ ಆಯ್ತಲ್ಲ. 1991ರಲ್ಲಿ ಎಲ್ಲ ತೆರೆದರು ಅನ್ನುತ್ತೇವೆ, ಪತ್ರಿಕೆ ವಿಷಯದಲ್ಲಿ ಹಾಗಾಗಲಿಲ್ಲ. 2002ರಲ್ಲಿ ಸುದ್ದಿ ಪತ್ರಿಕೆಗೆ ಶೇ 26, ಸುದ್ದಿಯಲ್ಲದ ಪತ್ರಿಕೆಗೆ ಶೇ 74 ವಿದೇಶಿ ಬಂಡವಾಳ ಅಂತ ಬಿಟ್ಟರು. ಆಮೇಲೆ ಸುದ್ದಿಯಲ್ಲದ ಪತ್ರಿಕೆಗೆ ಪೂರ್ತಿ ನೂರು ಆಯ್ತು. ಆಗ ಕಾಂಡೆ ನಾಸ್ಟ್ ಬಂತು. ಇಲ್ಲಿಯವರ ಪಾಲು ಒಂದು ಪೈಸೆ ಇಲ್ಲದೆ, ಪೂರ್ತಿ ತಮ್ಮದೇ ಕಂಪನಿ ಮಾಡಿಕೊಂಡು ಭಾರತದಲ್ಲಿ ಪತ್ರಿಕೆ ತಂದ ಮೊದಲ ವಿದೇಶಿ ಪ್ರಕಾಶಕರು ಅವರೇ.

ನಿಮ್ಮ ಅಕ್ಕನ ಮಗಳಿಗೆ ಹೇಳಿ, ಪ್ರಾಜೆಕ್ಟಿನ ಮೊದಲ ಅಧ್ಯಾಯ 1955. ಮೇಷ್ಟ್ರು ಒಂದು ಸಲ ಕನ್ನಡಕ ಸರಿ ಮಾಡಿಕೊಂಡು ನೋಡುತ್ತಾರೆ.

ಬ್ಲೌಸ್ ಕಟಿಂಗ್ ಅಕ್ಕ, ಬಳ್ಳಾರಿ

ಆದರೆ ವೋಗ್ ಮೊದಲನೆಯದಲ್ಲ ಅಲ್ವಾ? ನಾನು ಟೈಲರಿಂಗ್ ಕಲಿಯುವಾಗಲೇ ಎಲ್ ಪತ್ರಿಕೆ ನೋಡಿದ್ದೆ. ಡಾಕ್ಟರ್ ಮನೆಯವರು ಅದರ ಹಾಳೆ ಹರಿದು ತಂದು ಇದೇ ಥರ ಕುತ್ತಿಗೆ ಬೇಕು ಅನ್ನುತ್ತಿದ್ದರು. ಅಳತೆ ನೋಡಿದರೆ ಆ ಕುತ್ತಿಗೆ ಇವರಿಗೆ ಕೂರೋದೇ ಇಲ್ಲ. ಬಾಯಿ ಬಿಟ್ಟು ಹೇಳೋಕೂ ಆಗಲ್ಲ, ಸುಮ್ನೆ ಹೊಲಿದು ಕೊಡೋದು.

ಕೃಷ್ಣಾ ದಂಡೆ, ರಾಯಚೂರು

ಹೌದು ಅಕ್ಕಾ, ಎಲ್ ಇಂಡಿಯಾ 1996ರದ್ದು. ಕಾಸ್ಮೊಪಾಲಿಟನ್ನೂ ಅದೇ ವರ್ಷ. ಆದರೆ ಅವು ಬಂದ ದಾರಿ ಬೇರೆ. ಹೊರಗಿನ ಕಂಪನಿ ಹೆಸರು ಕೊಡುತ್ತೆ, ಇಲ್ಲಿಯ ಕಂಪನಿ ಪತ್ರಿಕೆ ಮಾಡುತ್ತೆ, ಹೆಸರಿಗೆ ದುಡ್ಡು ಕಟ್ಟುತ್ತೆ. ಎಲ್ ಅನ್ನು ಓಗಾನ್ ಸಂಸ್ಥೆ ಮಾಡಿತು, ಕಾಸ್ಮೊಪಾಲಿಟನ್ ಇಂಡಿಯಾ ಟುಡೇ ಗುಂಪಿನದು. ಮುಂದೆ 2006ರಲ್ಲಿ ಮಾರಿ ಕ್ಲೇರ್ ಅನ್ನು ಔಟ್‌ಲುಕ್‌ನವರು ತಂದರು, 2009ರಲ್ಲಿ ಹಾರ್ಪರ್ಸ್ ಬಜಾರ್ ಬಂತು. ಎಲ್ಲ ಲೈಸೆನ್ಸ್. ವೋಗ್ ಮಾತ್ರ ಸ್ವಂತ ಮನೆ ಕಟ್ಟಿತು.

1996 ಅಂದರೆ ನೆನಪಿದೆಯಲ್ಲ, ಬೆಂಗಳೂರಿನಲ್ಲಿ ಮಿಸ್ ವರ್ಲ್ಡ್ ನಡೆದು ಗಲಾಟೆ ಆದ ವರ್ಷ. ಅದಕ್ಕೆ ಎರಡು ವರ್ಷ ಮೊದಲು ಸುಷ್ಮಿತಾ ಸೇನ್, ಐಶ್ವರ್ಯಾ ರೈ ಇಬ್ಬರೂ ಗೆದ್ದಿದ್ದರು. ಸೌಂದರ್ಯ ಸಾಮಾನಿನ ಕಂಪನಿಗಳು ಭಾರತದ ಕಡೆ ತಿರುಗಿ ನೋಡುತ್ತಿದ್ದ ಕಾಲ.

ತೀನ್ ಕಂದೀಲ್, ರಾಯಚೂರು

ನಮ್ಮದೇ ಪತ್ರಿಕೆಗಳನ್ನು ಮರೆತುಬಿಟ್ರಾ? ಫೆಮಿನಾ 1959ರಿಂದ ಇದೆ. ಈವ್ಸ್ ವೀಕ್ಲಿ ಅದಕ್ಕಿಂತ ಹಳೆಯದು, 1966ರಲ್ಲಿ ಮಿಸ್ ವರ್ಲ್ಡ್ ಆದ ರೀಟಾ ಫರಿಯಾ ಹೋಗಿದ್ದು ಆ ಪತ್ರಿಕೆಯ ಸ್ಪರ್ಧೆ ಗೆದ್ದು. ದುಬಾರಿ ಹೊಳಪು ಕಾಗದದ ವರ್ವ್ 1995ರಲ್ಲೇ ಶುರುವಾಗಿತ್ತು, ಅದು ಪೂರ್ತಿ ಇಲ್ಲಿಯದು. ಕನ್ನಡಕ್ಕೆ ಬಂದರೆ ನಂಜನಗೂಡು ತಿರುಮಲಾಂಬ 'ಕರ್ನಾಟಕ ನಂದಿನಿ' ನಡೆಸಿದ್ದು ನೂರು ವರ್ಷಕ್ಕೂ ಹಿಂದೆ. ಆರ್. ಕಲ್ಯಾಣಮ್ಮ ಅವರ 'ಸರಸ್ವತಿ' ಇತ್ತು. ಅವುಗಳಲ್ಲಿ ಫ್ಯಾಷನ್ ಇರಲಿಲ್ಲ ಅಂತ ಗೊತ್ತು, ಹೆಂಗಸರೇ ಸಂಪಾದಕಿಯರು ಅನ್ನೋದು ವೋಗ್ ತಂದ ಹೊಸ ವಿಷಯ ಅಲ್ಲ ಅಂತ ಹೇಳಿದೆ ಅಷ್ಟೇ.

ಗಡಿಗಿ ಸರ್ಕಲ್ ಓದುಗ, ಬಳ್ಳಾರಿ

ಸರಿ, ಕಾನೂನು ಬಿಟ್ಟಿತು. ಬಿಟ್ಟ ತಕ್ಷಣ ಯಾರೂ ಓಡಿ ಬರೋದಿಲ್ಲವಲ್ಲ. ಇನ್ನೊಂದು ಕಾರಣ ಇದೆ. 2006ರಲ್ಲಿ ಸರ್ಕಾರ ಒಂದೇ ಬ್ರ್ಯಾಂಡಿನ ಅಂಗಡಿಗೆ ಶೇ 51 ವಿದೇಶಿ ಬಂಡವಾಳ ಬಿಟ್ಟಿತು. 2007ರಲ್ಲಿ ವೋಗ್. 2008ರಲ್ಲಿ ದೆಹಲಿಯಲ್ಲಿ ಡಿಎಲ್‌ಎಫ್ ಎಂಪೋರಿಯೊ, ಬೆಂಗಳೂರಿನಲ್ಲಿ ಯುಬಿ ಸಿಟಿ ಮಾಲ್. ಈ ಮೂರು ವರ್ಷ ಒಟ್ಟಿಗೆ ಇಟ್ಟು ನೋಡಿ. ಲಕ್ಷ ರೂಪಾಯಿ ಬ್ಯಾಗ್ ಮಾರೋ ಅಂಗಡಿ ಬರುತ್ತಿತ್ತು, ಅದರ ಜಾಹೀರಾತು ಹಾಕೋಕೆ ಒಂದು ಜಾಗ ಬೇಕಿತ್ತು. ದಿನಪತ್ರಿಕೆಯಲ್ಲಿ ಟ್ಯೂಷನ್ ಜಾಹೀರಾತಿನ ಪಕ್ಕ ಅವರು ಹಾಕೋದಿಲ್ಲ.

ಇಂಥ ಪತ್ರಿಕೆಗೆ ಓದುಗ ಗಿರಾಕಿ ಅಲ್ಲ. ಜಾಹೀರಾತು ಕೊಡುವವನು ಗಿರಾಕಿ, ಓದುಗ ಸರಕು. ಓದುಗ ಕೊಡುವ ನೂರು ರೂಪಾಯಿಯಿಂದ ಆ ದಪ್ಪ ಕಾಗದ, ಆ ಫೋಟೋ, ಆ ಪ್ರಯಾಣ ಯಾವುದೂ ನಡೆಯೋದಿಲ್ಲ. ಇದನ್ನು ಬರೆಯದೆ ಕವರ್ ಪಟ್ಟಿ ಕೊಟ್ಟರೆ ಅದು ಇತಿಹಾಸ ಅಲ್ಲ, ಆಲ್ಬಂ. ಅದೇ ಕಂಪನಿ ಮುಂದೆ 2008ರಲ್ಲಿ ಗಂಡಸರಿಗೆ ಜಿಕ್ಯೂ, 2010ರಲ್ಲಿ ಟ್ರಾವೆಲರ್, 2012ರಲ್ಲಿ ಆರ್ಕಿಟೆಕ್ಚರಲ್ ಡೈಜೆಸ್ಟ್ ತಂದಿತು. ಬಟ್ಟೆ, ಪ್ರವಾಸ, ಮನೆ. ದುಡ್ಡಿದ್ದವನು ಎಲ್ಲೆಲ್ಲಿ ಖರ್ಚು ಮಾಡುತ್ತಾನೋ ಅಲ್ಲಲ್ಲಿ ಒಂದೊಂದು ಪತ್ರಿಕೆ.

ಓವರ್‌ಲಾಕ್, ಕೌಲ್‌ಬಜಾರ್

ಓದುಗ ಅಣ್ಣಾ, ನೀವು ಹೇಳೋದು ಕೇಳೋಕೆ ಚೆನ್ನಾಗಿದೆ, ಆದರೆ ಹಾಗೆ ನೋಡಿದರೆ ಎಲ್ಲ ಪತ್ರಿಕೆಯೂ ಅಷ್ಟೇ. ಟಿವಿಯೂ ಅಷ್ಟೇ. ಅದಕ್ಕೆ ವೋಗನ್ನೇ ಯಾಕೆ ಹಿಡಿದುಕೊಳ್ಳಬೇಕು? ಕವರ್ ಬೇಡ ಅನ್ನುತ್ತೀರಲ್ಲ, ಜನ ನೋಡಿದ್ದು ಕವರನ್ನೇ. 2008ರ ಫೋಟೋ ಗಲಾಟೆ ಬಿಟ್ಟು ಈ ಪತ್ರಿಕೆಯ ಇತಿಹಾಸ ಬರೆಯೋಕೆ ಆಗುತ್ತಾ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. 2008ರ ಆಗಸ್ಟ್ ಸಂಚಿಕೆ. ಬಡ ಜನರ ಕೈಗೆ ದುಬಾರಿ ಸಾಮಾನು ಕೊಟ್ಟು ಫೋಟೋ ತೆಗೆದರು. ಹಲ್ಲು ಉದುರಿದ ಅಜ್ಜಿಯ ಕಂಕುಳಲ್ಲಿ ಮಗು, ಮಗುವಿನ ಕೊರಳಿಗೆ ಫೆಂಡಿ ಕಂಪನಿಯ ಜೊಲ್ಲುಬಟ್ಟೆ, ಸುಮಾರು 100 ಡಾಲರ್‌ದು. ಬರಿಗಾಲಿನ ಮುದುಕನ ಕೈಯಲ್ಲಿ ಬರ್ಬೆರಿ ಕೊಡೆ. ಬೈಕಿನ ಮೇಲೆ ಗಂಡ ಹೆಂಡತಿ ಮಗು, ಹೆಂಡತಿ ಕೈಯಲ್ಲಿ ಎರ್ಮೆಸ್ ಬ್ಯಾಗ್, 10,000 ಡಾಲರಿಗೂ ಜಾಸ್ತಿ. ನ್ಯೂಯಾರ್ಕ್ ಟೈಮ್ಸ್ ಬರೆದ ಮೇಲೆ ಲೋಕಕ್ಕೆಲ್ಲ ಗೊತ್ತಾಯ್ತು. ಬೈದವರು ಎತ್ತಿದ ಮುಖ್ಯ ಪಾಯಿಂಟ್ ಏನು ಗೊತ್ತಾ? ಬ್ಯಾಗಿಗೆ ಹೆಸರಿದೆ, ಹಿಡಿದ ಹೆಂಗಸಿಗೆ ಹೆಸರಿಲ್ಲ.

ಗಡಿಗಿ ಸರ್ಕಲ್ ಓದುಗ, ಬಳ್ಳಾರಿ

ನೀವು ನನ್ನ ಮಾತನ್ನೇ ಹೇಳಿದಿರಿ ತಮ್ಮಾ! ಬ್ಯಾಗಿಗೆ ಹೆಸರು ಯಾಕಿದೆ? ಬ್ಯಾಗಿನವರು ಗಿರಾಕಿ. ಅಜ್ಜಿ ಗಿರಾಕಿಯೂ ಅಲ್ಲ, ಓದುಗಳೂ ಅಲ್ಲ.

ಬ್ಲೌಸ್ ಕಟಿಂಗ್ ಅಕ್ಕ, ಬಳ್ಳಾರಿ

ಸಂಪಾದಕಿ ಏನಂದರು ಅದಕ್ಕೆ?

ಓವರ್‌ಲಾಕ್, ಕೌಲ್‌ಬಜಾರ್

ಇಷ್ಟು ಗಂಭೀರವಾಗಿ ತಗೋಬೇಡಿ ಅನ್ನೋ ಅರ್ಥದಲ್ಲಿ ಮಾತಾಡಿದರು. ಫ್ಯಾಷನ್ ಬರೀ ಶ್ರೀಮಂತರ ಸೊತ್ತಲ್ಲ, ಯಾರು ಧರಿಸಿದರೂ ಚೆಂದ ಕಾಣುತ್ತೆ ಅಂತ. ಆ ಮಾತಿನಲ್ಲಿ ನನಗೆ ತಪ್ಪು ಕಾಣೋದಿಲ್ಲ, ಆದರೆ ಆ ಕೊಡೆಯನ್ನು ಮುದುಕ ಮನೆಗೆ ತಗೊಂಡು ಹೋಗಲಿಲ್ಲವಲ್ಲ. ಫೋಟೋ ಆದ ಮೇಲೆ ವಾಪಸ್ ಕೊಟ್ಟಿರಬೇಕು.

ನಾನು ಜೀನ್ಸ್ ಹೊಲಿಯುವವನು. ನಮ್ಮ ಬಳ್ಳಾರಿ ಜೀನ್ಸ್ ಯಾವ್ಯಾವ ಊರಿಗೆ ಹೋಗುತ್ತೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಕಟಿಂಗ್ ಒಬ್ಬ, ಜೇಬು ಒಬ್ಬ, ಸೊಂಟಪಟ್ಟಿ ಒಬ್ಬ, ಕಾಜಾ ಗುಂಡಿ ಮನೆಯಲ್ಲಿ ಕೂತ ಹೆಂಗಸರು, ಆಮೇಲೆ ವಾಷಿಂಗ್. ಎಲ್ಲ ಪೀಸ್ ಲೆಕ್ಕ. ಮೊಣಕಾಲಿನ ಹತ್ತಿರ ಹರಿದ ಹಾಗೆ ಮಾಡೋ ಫ್ಯಾಷನ್ ಬಂತಲ್ಲ, ಅದು ಯಾವ ಪತ್ರಿಕೆಯಲ್ಲಿ ಮೊದಲು ಬಂತೋ ನಮಗೆ ಗೊತ್ತಿಲ್ಲ. ನಮ್ಮ ಹತ್ತಿರ ಬಂದಿದ್ದು ಸ್ಯಾಂಪಲ್ ಪೀಸ್. ವ್ಯಾಪಾರಿ ತಂದು ಟೇಬಲ್ ಮೇಲೆ ಎಸೆದು ಇಂಥದ್ದು ಬೇಕು ಅಂದ. ಹೊಸ ಪ್ಯಾಂಟನ್ನು ಹರಿಯೋಕೆ ಬೇರೆ ಕೂಲಿ. ನಮ್ಮ ಅಮ್ಮ ನೋಡಿ ತೇಪೆ ಹಾಕೋಕೆ ಹೊರಟಿದ್ದಳು.

ನಾನು ಹೇಳೋದು ಇಷ್ಟೇ. ಪತ್ರಿಕೆ ಓದಿ ಫ್ಯಾಷನ್ ಇಳಿದು ಬರುತ್ತೆ ಅನ್ನೋದು ಮುಂಬೈಯವರ ಲೆಕ್ಕ. ಇಲ್ಲಿ ಸಿನಿಮಾ ನೋಡಿ ಬರುತ್ತೆ, ಸ್ಯಾಂಪಲ್ ನೋಡಿ ಬರುತ್ತೆ, ಈಗ ಮೊಬೈಲ್ ನೋಡಿ ಬರುತ್ತೆ.

ಸಂಡೂರು ಸೊಸೆ

ಓವರ್‌ಲಾಕ್ ಅಣ್ಣನ ಮಾತಿಗೆ ಒಂದು ಸೇರಿಸಬೇಕು. ಇಳಿದು ಬರೋದು ಮಾತ್ರ ಅಲ್ಲ, ಇಲ್ಲಿಂದ ಹತ್ತಿ ಹೋಗೋದೂ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದೇ ಕೆಲಸ ಅನ್ನೋ ಸರ್ಕಾರಿ ಗುರುತು ಸಿಕ್ಕಿದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ತಾಂಡಾದ ಹೆಂಗಸರು ಕನ್ನಡಿ, ಕವಡೆ ಹಾಕಿ ಹೊಲಿಯುತ್ತಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ಆದಾಗ 1,755 ಲಂಬಾಣಿ ವಸ್ತು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಆಯ್ತು. ಇಂಥ ಕೆಲಸ ದೊಡ್ಡ ಡಿಸೈನರ್ ಕೈಗೆ ಹೋದರೆ ಫೋಟೋದ ಕೆಳಗೆ ಡಿಸೈನರ್ ಹೆಸರು ಬರುತ್ತೆ. ಹೆಚ್ಚೆಂದರೆ 'ಲಂಬಾಣಿ ಕೆಲಸ' ಅಂತ ಒಂದು ಸಾಲು. ಹೊಲಿದ ಅಕ್ಕನ ಹೆಸರು ಕೇಳಬೇಡಿ. 2008ರ ಫೋಟೋ ಬಗ್ಗೆ ಬೈಯೋದು ಸುಲಭ, ಇದು ಪ್ರತಿ ತಿಂಗಳೂ ನಡೆಯುತ್ತೆ. ಯಾವ ಪತ್ರಿಕೆಯೂ ಬಿಟ್ಟಿಲ್ಲ.

ಭಾಗ್ಯನಗರದವ, ಕೊಪ್ಪಳ

ನಮ್ಮ ಊರಿಂದಲೂ ಹೋಗುತ್ತೆ, ಆದರೆ ನೀವು ಊಹಿಸಲ್ಲ. ಕೂದಲು! ಭಾಗ್ಯನಗರದಲ್ಲಿ ಮನೆಮನೆಯಲ್ಲಿ ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ಬೇರೆ ಮಾಡಿ, ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸುತ್ತಾರೆ. ವಿಗ್ ಆಗುತ್ತೆ, ಎಕ್ಸ್‌ಟೆನ್ಷನ್ ಆಗುತ್ತೆ. ಯಾವ ಮಾಡೆಲ್ ತಲೆಯ ಮೇಲೆ ಯಾವ ಊರಿನ ಜಡೆ ಇದೆಯೋ ಯಾರಿಗೆ ಗೊತ್ತು. ಇದಕ್ಕೂ ವೋಗಿಗೂ ನೇರ ಸಂಬಂಧ ಇಲ್ಲ ಅಂತ ಬೈಯಬೇಡಿ, ಸುಮ್ನೆ ಹೇಳಿದೆ.

ಹತ್ತಿ ಹೊಲ, ರಾಯಚೂರು

ನಾನು ಹುಡುಗಿಯಾಗಿ ಒಂದು ಮಾತು ಹೇಳಲಾ? ನೀವೆಲ್ಲ ಅಣ್ಣಂದಿರು ಬಂಡವಾಳ, ಜಾಹೀರಾತು ಅನ್ನುತ್ತಿದ್ದೀರಿ. 2010ರ ಏಪ್ರಿಲ್ ಸಂಚಿಕೆಯ ಕವರ್ ಮೇಲೆ ಕಪ್ಪು ಬಣ್ಣದ ಭಾರತೀಯ ಮಾಡೆಲ್‌ಗಳನ್ನೇ ಹಾಕಿದ್ದರು, ಕಪ್ಪು ಬಣ್ಣಕ್ಕೆ ಕಾಲ ಬಂತು ಅನ್ನೋ ಹಾಗೆ. ನನ್ನ ಬಣ್ಣದವರಿಗೆ ಅದು ಸಣ್ಣ ವಿಷಯ ಅಲ್ಲ. ನಮ್ಮ ಕಡೆ ಹೆಣ್ಣು ನೋಡೋಕೆ ಬಂದಾಗ ಎಣ್ಣೆಗೆಂಪು, ಸಾಧಾರಣ ಬಣ್ಣ ಅಂತ ಎಷ್ಟು ಸುತ್ತಿ ಬಳಸಿ ಹೇಳುತ್ತಾರೆ ಅಂತ ಎಲ್ಲರಿಗೂ ಗೊತ್ತು. ಯಾವ ಕಾರಣಕ್ಕೆ ಹಾಕಿದರೋ ಹಾಕಿದರು, ಹಾಕಿದರಲ್ಲ.

ತೀನ್ ಕಂದೀಲ್, ರಾಯಚೂರು

ತಂಗೀ, ಒಪ್ಪಿದೆ. ಆದರೆ ಬಿಳಿ ಮಾಡೋ ಕ್ರೀಮಿನ ಉದ್ಯಮ ದೇಶದಲ್ಲಿ ಅದರಿಂದ ಒಂದು ಡಬ್ಬಿಯೂ ಕಡಿಮೆ ಮಾರಲಿಲ್ಲ. ಒಂದು ತಿಂಗಳ ಕವರ್ ಒಂದು ತಿಂಗಳದ್ದು. 2017ರ ಮೇ, ಹತ್ತನೇ ವರ್ಷದ ಸಂಭ್ರಮದ ಸಂಚಿಕೆ, ಕವರ್ ಮೇಲೆ ಯಾರು? ಅಮೆರಿಕದ ಮಾಡೆಲ್ ಕೆಂಡಲ್ ಜೆನ್ನರ್. ಭಾರತದ ಆವೃತ್ತಿಯ ಹುಟ್ಟುಹಬ್ಬಕ್ಕೆ ಭಾರತದ ಹುಡುಗಿ ಸಿಗಲಿಲ್ಲವಾ ಅಂತ ಜನ ಕೇಳಿದ್ದು ಸರಿಯಾಗೇ ಇತ್ತು. ಮೊದಲ ಸಂಚಿಕೆಯಲ್ಲೂ ಆಸ್ಟ್ರೇಲಿಯಾದವಳು ಮಧ್ಯದಲ್ಲಿ ಇದ್ದಳು.

ಹತ್ತಿ ಹೊಲ, ರಾಯಚೂರು

ಸರಿ, ಆದರೆ 2020ರ ನವೆಂಬರ್ ಕವರ್ ಮೇಲೆ ಕೇರಳದ ಆಗಿನ ಆರೋಗ್ಯ ಮಂತ್ರಿ ಕೆ.ಕೆ. ಶೈಲಜಾ ಇದ್ದರು. ಕೊರೊನಾ ಕಾಲ. ಹತ್ತಿ ಸೀರೆ ಉಡೋ, ಕನ್ನಡಕದ ಟೀಚರಮ್ಮ. ಹಳೆ ವೋಗ್‌ನಲ್ಲಿ ಇದು ಆಗುತ್ತಿತ್ತಾ? ಒಂದು ದೇಶದ ಆವೃತ್ತಿ ಅಂದರೆ ನಿಧಾನವಾಗಿ ಆ ದೇಶದ ಥರ ಆಗುತ್ತೆ ಅಂತ ನನಗೆ ಅನ್ನಿಸುತ್ತೆ. ಮಧ್ಯೆ 2014ರಲ್ಲಿ ಹೆಣ್ಣುಮಕ್ಕಳ ಪರ 'ವೋಗ್ ಎಂಪವರ್' ಅಂತ ಅಭಿಯಾನ ಮಾಡಿದರು. ಮಾಧುರಿ ದೀಕ್ಷಿತ್ ಬರೋ ಕಿರುಚಿತ್ರ ಇತ್ತಲ್ಲ, ಹುಡುಗರು ಅಳಬಾರದು ಅಂತ ಬೆಳೆಸಿ ಆಮೇಲೆ ಅವರು ಹೆಂಡತಿಯನ್ನು ಅಳಿಸುತ್ತಾರೆ ಅನ್ನೋದು, ಅದು ನನಗೆ ಇಷ್ಟ. ಮುಂದಿನ ವರ್ಷ ದೀಪಿಕಾ ಪಡುಕೋಣೆ ಮಾತಾಡಿದ 'ಮೈ ಚಾಯ್ಸ್' ಬಂತು, ಅದು ದುಡ್ಡಿದ್ದವರ ಸ್ವಾತಂತ್ರ್ಯದ ಮಾತು ಅನ್ನಿಸಿತು. ಇಲ್ಲಿ ಮಾನ್ವಿ ಬಸ್ಸಿನಲ್ಲಿ ಸೀಟು ಸಿಕ್ಕರೆ ಸಾಕು.

ಬ್ಲೌಸ್ ಕಟಿಂಗ್ ಅಕ್ಕ, ಬಳ್ಳಾರಿ

ಹ್ಹ ಹ್ಹ, ಸೀಟಿನ ಮಾತು ನಿಜ.

ಮದುವೆ ಬಗ್ಗೆ ಯಾರೂ ಹೇಳಲಿಲ್ಲ? ವೋಗ್ ಇಂಡಿಯಾದವರು 2013ರಿಂದ ದೆಹಲಿಯಲ್ಲಿ ವೆಡ್ಡಿಂಗ್ ಶೋ ಮಾಡುತ್ತಾರೆ. ನನಗೆ ಕೇಳಿದರೆ ಅವರು ಭಾರತವನ್ನು ಅರ್ಥ ಮಾಡಿಕೊಂಡಿದ್ದು ಅಲ್ಲಿ. ಹೊರದೇಶದ ಗೌನ್ ಎಷ್ಟೇ ತೋರಿಸಲಿ, ಇಲ್ಲಿ ದುಡ್ಡು ಬಿಚ್ಚೋದು ಮದುವೆಗೆ. ಲೆಹಂಗಾ, ಒಡವೆ, ಮಂಟಪ. ನನ್ನ ಅಂಗಡಿಗೆ ಈಗ ಬರೋ ಹುಡುಗಿಯರೂ ಮದುವೆ ಬ್ಲೌಸಿಗೆ ಮಾತ್ರ ಮುಂಬೈ ಡಿಸೈನ್ ಕೇಳುತ್ತಾರೆ, ದಿನದ ಬ್ಲೌಸಿಗೆ ಅಮ್ಮನ ಅಳತೆ ಬ್ಲೌಸೇ ಸಾಕು.

ಭಾಗ್ಯನಗರದವ, ಕೊಪ್ಪಳ

ಕನ್ನಡದಲ್ಲಿ ಯಾಕೆ ಇಂಥದ್ದು ಬರಲಿಲ್ಲ? ಫೆಮಿನಾ ಹಿಂದಿಯಲ್ಲೂ ತಮಿಳಿನಲ್ಲೂ ಬಂತು.

ಗಡಿಗಿ ಸರ್ಕಲ್ ಓದುಗ, ಬಳ್ಳಾರಿ

ಗೃಹಶೋಭಾ ಕನ್ನಡದಲ್ಲಿ ಇದೆ, ಫ್ಯಾಷನ್ ಪುಟವೂ ಇದೆ, ಆದರೆ ಅದು ದೆಹಲಿ ಪ್ರೆಸ್‌ನವರದು, ಅಡುಗೆ ಸಂಸಾರ ಎಲ್ಲ ಸೇರಿ. ವೋಗ್ ಥರದ್ದು ಕನ್ನಡದಲ್ಲಿ ಬರಬೇಕಾದರೆ ಸ್ವಿಸ್ ವಾಚಿನವನು ಕನ್ನಡದಲ್ಲಿ ಜಾಹೀರಾತು ಕೊಡಬೇಕು. ಅವನಿಗೆ ಬಳ್ಳಾರಿಯಲ್ಲಿ ವಾಚ್ ಕೊಳ್ಳೋರು ಇದ್ದಾರೆ ಅಂತ ಗೊತ್ತು, ಗಣಿ ಹಣ ಹರಿದ ಕಾಲದಲ್ಲಿ ಇಲ್ಲಿ ಎಂಥೆಂಥ ಕಾರು ಓಡಾಡಿದವು ನಾವೇ ನೋಡಿಲ್ಲವಾ. ಆದರೆ ಆ ಗಿರಾಕಿಯನ್ನು ಇಂಗ್ಲಿಷಿನಲ್ಲೇ ಹಿಡಿಯಬಹುದು ಅಂತ ಅವನ ಲೆಕ್ಕ. ದುಡ್ಡಿದ್ದರೂ ಭಾಷೆ ಲೆಕ್ಕಕ್ಕೆ ಬರಲಿಲ್ಲ. ನನಗೆ ಇದರ ಬಗ್ಗೆ ಸಿಟ್ಟಿದೆ, ಇರಲಿ.

ಕೃಷ್ಣಾ ದಂಡೆ, ರಾಯಚೂರು

ಈಚಿನದನ್ನೂ ಹಾಕಿಬಿಡೋಣ. 2020ರ ಡಿಸೆಂಬರ್‌ನಲ್ಲಿ, ಆಗ ಅಮೆರಿಕದ ವೋಗ್ ಸಂಪಾದಕಿ ಆಗಿದ್ದ ಅನ್ನಾ ವಿಂಟೂರ್ ಅವರಿಗೆ ಇಡೀ ಕಂಪನಿಯ ಜಗತ್ತಿನ ಎಲ್ಲ ಆವೃತ್ತಿಗಳ ಬರಹ ಫೋಟೋಗಳ ಉಸ್ತುವಾರಿ ಬಂತು. 2021ರಲ್ಲಿ ಪ್ರಿಯಾ ತನ್ನಾ ಹೊರಗೆ ಬಂದರು, ಶುರುವಿನಿಂದ ಅವರೇ ಇದ್ದರು. ಅವರ ಜಾಗಕ್ಕೆ ಮೇಘಾ ಕಪೂರ್ ಬಂದರು. ಆದರೆ ಸಂಪಾದಕಿ ಅನ್ನೋ ಹುದ್ದೆಯೇ ಇಲ್ಲ, 'ಹೆಡ್ ಆಫ್ ಎಡಿಟೋರಿಯಲ್ ಕಂಟೆಂಟ್' ಅಂತ ಹೆಸರು. ಬೇರೆ ದೇಶಗಳಲ್ಲೂ ಇದೇ ಆಯ್ತು. ಒಂದೊಂದು ದೇಶದ ಸಂಪಾದಕಿ ತನ್ನ ಪಾಡಿಗೆ ತಾನು ನಡೆಸೋ ಕಾಲ ಮುಗಿದು, ಫೋಟೋ, ಲೇಖನ ಎಲ್ಲ ಹಂಚಿಕೊಂಡು ಖರ್ಚು ಉಳಿಸೋ ಕಾಲ.

ಹತ್ತಿ ಹೊಲ ತಂಗಿ ಹೇಳಿದಳಲ್ಲ, ದೇಶದ ಥರ ಆಗುತ್ತೆ ಅಂತ. ಅಷ್ಟೊತ್ತಿಗೆ ಕೇಂದ್ರ ಹಗ್ಗ ಎಳೆಯಿತು. ಓದುಗ ಸರ್ ಹೇಳಿದ ಒಡೆತನದ ಮಾತು ಇಲ್ಲಿ ಕೆಲಸಕ್ಕೆ ಬರುತ್ತೆ. ಲೈಸೆನ್ಸ್ ಪತ್ರಿಕೆ ಆಗಿದ್ದರೆ ಇಲ್ಲಿಯ ಮಾಲೀಕ ಸ್ವಲ್ಪ ಜಗ್ಗಬಹುದಿತ್ತು. ಸ್ವಂತ ಕಂಪನಿ ಅಂದಮೇಲೆ ನ್ಯೂಯಾರ್ಕ್ ಹೇಳಿದ ಹಾಗೆ.

ಹತ್ತಿ ಹೊಲ, ರಾಯಚೂರು

ಅದು ಊಹೆ ಅಣ್ಣಾ. ಲೈಸೆನ್ಸಿನವರು ಜಗ್ಗುತ್ತಾರೆ ಅಂತ ಏನು ಗ್ಯಾರಂಟಿ? ಅವರಿಗೂ ಜಾಹೀರಾತು ಬೇಕು.

ಕೃಷ್ಣಾ ದಂಡೆ, ರಾಯಚೂರು

ಗ್ಯಾರಂಟಿ ಇಲ್ಲ, ಆದರೆ ಅವಕಾಶ ಇರುತ್ತೆ. ಪ್ರಾಜೆಕ್ಟಿನಲ್ಲಿ ಎಲ್ ಮತ್ತು ವೋಗ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲಿ. ಒಂದೇ ವರ್ಷದ ಒಂದೇ ತಿಂಗಳ ಸಂಚಿಕೆ. ಎಷ್ಟು ಪುಟ ಇಲ್ಲೇ ಮಾಡಿದ್ದು, ಎಷ್ಟು ಹೊರಗಿನಿಂದ ತಂದಿದ್ದು ಅಂತ ಎಣಿಸಲಿ. ಆಗ ಜಗಳ ತೀರುತ್ತೆ.

ಗಡಿಗಿ ಸರ್ಕಲ್ ಓದುಗ, ಬಳ್ಳಾರಿ

ಒಳ್ಳೆ ಐಡಿಯಾ. ಆದರೆ ಹಳೆ ಸಂಚಿಕೆ ಎಲ್ಲಿ? ಬಳ್ಳಾರಿಯಲ್ಲಿ ಕೇಳಿದರೆ ಅಂಗಡಿಯವರು ಹಳೆ ಪ್ರತಿ ವಾಪಸ್ ಕಳಿಸುತ್ತೇವೆ ಅನ್ನುತ್ತಾರೆ. ಬ್ಯೂಟಿ ಪಾರ್ಲರ್‌ಗಳಲ್ಲಿ ಇದ್ದವು, ಈಗ ಅಲ್ಲೂ ಎಲ್ಲರೂ ಮೊಬೈಲ್ ನೋಡುತ್ತಾ ಕೂತಿರುತ್ತಾರಂತೆ.

ತೀನ್ ಕಂದೀಲ್, ರಾಯಚೂರು

ಬೆಂಗಳೂರಿಗೆ ಹೋದರೆ ಚರ್ಚ್ ಸ್ಟ್ರೀಟ್‌ನಲ್ಲಿ ಹಳೆ ಪುಸ್ತಕದ ಅಂಗಡಿಗಳಿವೆ. ನಮಗೆ ಹೈದರಾಬಾದ್ ಹತ್ತಿರ. ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಹಳೆ ಪುಸ್ತಕದ ಸಂತೆ ಕೂರುತ್ತೆ, ಫ್ಯಾಷನ್ ಪತ್ರಿಕೆಗಳನ್ನು ಗುಡ್ಡೆ ಹಾಕಿರುತ್ತಾರೆ. ಬೆಳಿಗ್ಗೆ ಬೇಗ ಹೋಗಬೇಕು, ಚೌಕಾಸಿ ಮಾಡಬೇಕು.

ಬ್ಲೌಸ್ ಕಟಿಂಗ್ ಅಕ್ಕ, ಬಳ್ಳಾರಿ

ತಗೊಳ್ಳುವಾಗ ಪುಟ ತಿರುವಿ ನೋಡೋಕೆ ಹೇಳಿ. ಚೆಂದದ ಡ್ರೆಸ್ ಇರೋ ಹಾಳೆಗಳನ್ನು ನಮ್ಮಂಥವರು ಮೊದಲೇ ಹರಿದುಕೊಂಡಿರುತ್ತೇವೆ.

ಗಡಿಗಿ ಸರ್ಕಲ್ ಓದುಗ, ಬಳ್ಳಾರಿ

ಡ್ರೆಸ್ ಹಾಳೆ ಹೋದರೆ ಹೋಗಲಿ ಅಕ್ಕಾ, ಅವಳಿಗೆ ಜಾಹೀರಾತಿನ ಹಾಳೆ ಪೂರ್ತಿ ಇರಬೇಕು. ಎಣಿಸೋದು ಅದನ್ನೇ.